ನಮ್ಮ ಗದ್ದೆ ಕೊಟ್ಟದ್ದು ರಾಜನಲ್ಲ, ಫಾರಂ ನಂಬರ್ 7!

2025ರ ದೀಪಾವಳಿಗೆ ಊರಿಗೆ ಹೋಗಿದ್ದೆ. ಊರು ಅಂದ್ರೆ ಕುಂದಾಪುರದ ಹತ್ತಿರದ ಗುಲ್ವಾಡಿ. ಗುಲ್ವಾಡಿ ವೆಂಕಟರಾಯರು ಗೊತ್ತಲ್ಲ, 1899ರಲ್ಲಿ ‘ಇಂದಿರಾಬಾಯಿ’ ಬರೆದವರು, ಅವರ ಹೆಸರಿನ ಮುಂದಿರೋ ಊರೇ ಇದು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಅದನ್ನ ಕರೀತಾರೆ. ಹಾಗಾಗಿ ಕಟ್ಟುಕಥೆಗೂ ನಮ್ಮೂರಿಗೂ ಹಳೇ ನಂಟು ಅಂತ ಬೆಂಗಳೂರಲ್ಲಿ ಕೂತು ಕೊಚ್ಚಿಕೊಳ್ತಾ ಇರ್ತೀನಿ :-)

ಬಲಿಪಾಡ್ಯದ ಸಂಜೆ ಗದ್ದೆಗೆ ದೀಪ ಇಟ್ಟು ಬಲೀಂದ್ರನನ್ನ ಕರೆಯೋದು ನಮ್ಮ ಕಡೆ ಪದ್ಧತಿ. ಅಮ್ಮ, ನಾನು, ಅಕ್ಕನ ಮಗಳು ಮೂರೂ ಜನ ಗದ್ದೆ ಅಂಚಲ್ಲಿ ನಿಂತಿದ್ವಿ. ಹುಡುಗಿಗೆ ಹತ್ತು ವರ್ಷ, ಬೆಂಗಳೂರಲ್ಲೇ ಹುಟ್ಟಿದ್ದು. ಅವಳು ಎರಡು ವಾರದ ಹಿಂದಷ್ಟೇ ‘ಕಾಂತಾರ: ಅಧ್ಯಾಯ 1’ ನೋಡಿದ್ದಳು. ಹಳೇ ಕಾಂತಾರ ಅಂತೂ ಟಿವಿಯಲ್ಲಿ ಎಷ್ಟು ಸಲ ನೋಡಿದಾಳೋ ಲೆಕ್ಕವಿಲ್ಲ. ದೀಪ ಇಟ್ಟು ಎದ್ದವಳೇ ಕೇಳಿದಳು:

“ಅಜ್ಜೀ, ಈ ಗದ್ದೇನೂ ರಾಜ ಕೊಟ್ಟಿದ್ದಾ?”

“ಯಾವ್ ರಾಜ ಹೆಣ್ಣೆ?”

“ಕಾಂತಾರದಲ್ಲಿ ಕೊಡ್ತಾನಲ್ಲಾ, ದೈವದ ಕಲ್ಲು ತಗೊಂಡು... ಅದೇ ರಾಜ!”

ಅಮ್ಮ ನಕ್ಕರು. “ರಾಜನೂ ಇಲ್ಲೆ, ಗೀಜನೂ ಇಲ್ಲೆ. ನಿನ್ನ ಅಜ್ಜನ ಅಪ್ಪಯ್ಯ ಡಿಕ್ಲರೇಶನ್ ಕೊಟ್ಟ್ ಸಿಕ್ಕದ್ ಗದ್ದೆ ಇದ್.”

“ಡಿಕ್ಲರೇಶನ್ ಅಂದ್ರೆ?”

ಅಮ್ಮ ಹೇಳೋಕೆ ಶುರು ಮಾಡಿದರು. ಫಾರಂ, ಗೇಣಿ, ಕುಂದಾಪ್ರದ ಕಚೇರಿ... ಎರಡು ನಿಮಿಷ ಆಗಿಲ್ಲ, ಹುಡುಗಿ ನೆಲಚಕ್ರ ಹಚ್ಚೋಕೆ ಓಡಿದಳು. ತಪ್ಪು ಅವಳದ್ದಲ್ಲ. ಒಂದು ಕಡೆ ಬೆಂಕಿ, ಹಂದಿ, ಕಿರುಚು, ರಾಜ. ಇನ್ನೊಂದು ಕಡೆ ಫಾರಂ ನಂಬರ್ 7. ಯಾರು ಗೆಲ್ತಾರೆ ಹೇಳಿ?

ಆವತ್ತಿನಿಂದ ತಲೆಯೊಳಗೆ ಹುಳ ಕೊರೀತಾ ಇದೆ. ಬರೆದು ಹಗುರಾಗೋಣ ಅಂತ ಕೂತಿದೀನಿ. ಬೈಯೋರು ಪೂರ್ತಿ ಓದಿ ಆಮೇಲೆ ಬೈಯಿರಿ, ಪ್ಲೀಸ್.

*

ಮೊದಲೇ ಹೇಳಿಬಿಡ್ತೀನಿ, ನಾನು ಕಾಂತಾರದ ವಿರೋಧಿ ಅಲ್ಲ. 2022ರ ಸೆಪ್ಟೆಂಬರ್ 30ಕ್ಕೆ ಅದು ಬಂದಾಗ ಮೊದಲ ವಾರವೇ ನೋಡಿದವನು. ರಿಷಬ್ ಶೆಟ್ಟಿ ನಮ್ಮ ತಾಲೂಕಿನ ಕೆರಾಡಿಯವರು, ಸಿನಿಮಾದ ಹೆಚ್ಚಿನ ಭಾಗ ತೆಗೆದದ್ದೂ ಅಲ್ಲೇ. ನಮ್ಮ ಭಾಷೆಯ ರಾಗ ಥಿಯೇಟರಿನಲ್ಲಿ ಕೇಳಿದಾಗ ಎದೆ ಉಬ್ಬಿತ್ತು. ಆ ವರ್ಷದ ರಾಷ್ಟ್ರಪ್ರಶಸ್ತಿಯಲ್ಲಿ ಅವರಿಗೆ ಅತ್ಯುತ್ತಮ ನಟ ಅಂತ ಬಂದಾಗ ಮನೆಯಲ್ಲಿ ಪಾಯಸ ಮಾಡಿದೀವಿ. ಕಥೆ ಕಟ್ಟೋ ಹಕ್ಕು ಕಥೆಗಾರನದ್ದು, ಅದರ ಬಗ್ಗೆಯೂ ತಕರಾರಿಲ್ಲ.

ನನ್ನ ಜಗಳ ಆ ಸಿನಿಮಾದೊಳಗಿರೋ ಒಂದು ಪುಟ್ಟ ಕಥೆಯ ಜೊತೆ. ನೋಡದವರಿಗಾಗಿ ಚುಟುಕಾಗಿ ಹೇಳ್ತೀನಿ. 1847. ಎಲ್ಲಾ ಇದ್ದೂ ನೆಮ್ಮದಿ ಇಲ್ಲದ ಒಬ್ಬ ರಾಜ. ಅಲೆದು ಅಲೆದು ಕಾಡಿಗೆ ಬರ್ತಾನೆ, ಅಲ್ಲಿ ಪಂಜುರ್ಲಿಯ ಕಲ್ಲಿನ ಮುಂದೆ ನಿಂತಾಗ ನೆಮ್ಮದಿ ಸಿಗುತ್ತೆ. ಕಲ್ಲು ನನಗೆ ಬೇಕು ಅಂತಾನೆ. ದೈವ ಒಪ್ಪುತ್ತೆ, ಆದರೆ ಬದಲಿಗೆ ಕಾಡಿನ ಜನಕ್ಕೆ ಭೂಮಿ ಕೊಡು, ಮಾತಿಗೆ ತಪ್ಪಿದರೆ ನಾನು ಕ್ಷಮಿಸಿದರೂ ಗುಳಿಗ ಬಿಡೋದಿಲ್ಲ ಅನ್ನುತ್ತೆ. ರಾಜ ಕೊಡ್ತಾನೆ. 1970ರಲ್ಲಿ ಅವನ ವಂಶದವನೊಬ್ಬ ಭೂಮಿ ವಾಪಸ್ ಕೇಳ್ತಾನೆ. ಮಾತಾಡ್ತಿರೋದು ದೈವವೋ ದೈವ ಕಟ್ಟಿದವನೋ ಅಂತ ಪ್ರಶ್ನೆ ಮಾಡ್ತಾನೆ. ಕೆಲವು ತಿಂಗಳಿಗೆ ಕೋರ್ಟಿನ ಮೆಟ್ಟಿಲಲ್ಲಿ ರಕ್ತ ಕಾರಿ ಸಾಯ್ತಾನೆ. ಅಲ್ಲಿಂದ ಕಥೆ 1990ಕ್ಕೆ ಹಾರುತ್ತೆ.

ಇದು ಯಾವ ಅಜ್ಜಿ ಹೇಳಿದ ಕಥೆಯೂ ಅಲ್ಲ. ಸಿನಿಮಾದವರು ತಮ್ಮ ಕಲ್ಪನೆಯ ಊರಿಗಾಗಿ ಹೊಸೆದ ಜನಪದ ಕಥೆ. ಅಧ್ಯಾಯ 1ರಲ್ಲಿ ಆ ಲೋಕ ಇನ್ನೂ ಬೆಳೆಯಿತು, ಕದಂಬರ ಕಾಲ ಬಂತು, ಬಾಂಗ್ರ ಅನ್ನೋ ರಾಜ್ಯ ಬಂತು. ಬರಲಿ ಬಿಡಿ. ಆದರೆ ಈಗ ಇದೇ ನಮ್ಮ ಸೀಮೆಯ ಕಥೆ ಅಂತ ನಮ್ಮ ಮಕ್ಕಳೇ ನಂಬ್ತಾ ಇದಾರೆ. ಅದಕ್ಕೇ ಮೂರು ಮಾತು ಕೇಳಬೇಕಾಗಿದೆ.

*

ಒಂದನೇ ಮಾತು. ನಮ್ಮ ಜನ ತಾವೇ ಕಟ್ಟಿದ ಕಥೆಗಳಲ್ಲಿ ರಾಜ ಕೊಡೋನು ಆಗಿದ್ದು ಯಾವಾಗ?

ಪಾಡ್ದನ ತುಳುವರದ್ದು, ನಾವು ಕುಂದಾಪ್ರ ಕನ್ನಡದವರು, ಒಪ್ಪಿದೆ. ಆದರೆ ದೈವಗಳು ಭಾಷೆಯ ಗಡಿ ನೋಡೋದಿಲ್ಲ. ಹಾಯ್ಗುಳಿ, ಚಿಕ್ಕು ಇರೋ ನಮ್ಮ ಊರುಗಳಲ್ಲೇ ಪಂಜುರ್ಲಿಯೂ ಇದೆ, ಬೊಬ್ಬರ್ಯನೂ ಇದಾನೆ. ತೆಂಕಣದ ಕಥೆಗಳನ್ನ ಒಂದಿಷ್ಟು ನೋಡಿ. ಕಲ್ಕುಡನ ಕಥೆಯಲ್ಲಿ ಶಿಲ್ಪಿ ಕಾರ್ಕಳದ ಗೊಮ್ಮಟನನ್ನ ಕಡೆದು ಕೊಡ್ತಾನೆ. ಅರಸ ಏನು ಕೊಟ್ಟ? ಇಂಥದ್ದನ್ನ ಇನ್ನೆಲ್ಲೂ ಮಾಡಬಾರದು ಅಂತ ಅವನ ಒಂದು ಕೈ, ಒಂದು ಕಾಲು ಕತ್ತರಿಸಿದ! ಆಮೇಲೆ ಅಣ್ಣ ಕಲ್ಕುಡ, ತಂಗಿ ಕಲ್ಲುರ್ಟಿ ಇಬ್ಬರೂ ದೈವಗಳಾಗಿ ಅರಸನಿಗೆ ತಿರುಗಿ ಬೀಳ್ತಾರೆ. ಕೋಟಿ ಚೆನ್ನಯರ ಕಥೆಯಲ್ಲಿ ಪಡುಮಲೆಯ ಬಲ್ಲಾಳನ ಕಾಲಿನ ನೋವು ವಾಸಿ ಮಾಡಿದವಳು ದೇಯಿ ಬೈದೆತಿ. ಅವಳಿಗೆ ಕೊಟ್ಟ ಮಾತನ್ನ ಅವಳ ಮಕ್ಕಳು ಕೇಳಿದಾಗ ಬಲ್ಲಾಳ ನುಂಗಿಕೊಂಡ. ಅದಕ್ಕೂ ಮೊದಲು ಬುದ್ಯಂತನ ಜೊತೆ ಅವರ ಜಗಳ ಹತ್ತಿದ್ದು ಯಾವುದಕ್ಕೆ? ಗದ್ದೆಗೆ!

ಅಂದ್ರೆ ಜನ ಕಟ್ಟಿದ ಕಥೆಯಲ್ಲಿ ದೊಡ್ಡವರು ಕಿತ್ತುಕೊಳ್ಳೋರು. ಅನ್ಯಾಯಕ್ಕೆ ಸತ್ತವರು ದೈವ ಆಗ್ತಾರೆ. ಸಿನಿಮಾ ಕಟ್ಟಿದ ಕಥೆಯಲ್ಲಿ ಇದು ತಲೆಕೆಳಗು. ರಾಜ ಕೊಡ್ತಾನೆ, ಜನ ತಗೊಳ್ತಾರೆ, ದೈವ ಆ ಕರಾರಿಗೆ ಸಾಕ್ಷಿ. ಇದು ಒಕ್ಕಲು ಮನೆಯ ಜಗಲಿಯಲ್ಲಿ ಹುಟ್ಟೋ ಕಥೆಯ ಹಾಗೆ ಕಾಣಲ್ಲ, ಒಡೇರ ಮನೆಯ ಚಾವಡಿಯಲ್ಲಿ ಹುಟ್ಟೋ ಕಥೆಯ ಹಾಗಿದೆ.

ಕೊಟ್ಟ ರಾಜ ಅಂತ ನಮ್ಮವರು ವರ್ಷಾ ವರ್ಷ ಗದ್ದೆಯಲ್ಲಿ ನಿಂತು ಕರೆಯೋದು ಒಬ್ಬನನ್ನೇ, ಬಲೀಂದ್ರನನ್ನ. ಕೊಟ್ಟ ತಪ್ಪಿಗೆ ಅವನು ಪಾತಾಳಕ್ಕೆ ಹೋದ. ಕೊಡೋ ರಾಜ ಭೂಮಿಯ ಮೇಲೆ ಉಳಿಯೋದಿಲ್ಲ ಅಂತ ನಮ್ಮ ಹಿರಿಯರಿಗೆ ಚೆನ್ನಾಗೇ ಗೊತ್ತಿತ್ತು!

*

ಎರಡನೇ ಮಾತು. 1970ರಿಂದ 1990ಕ್ಕೆ ಆ ಹಾರುವಿಕೆ ಇದೆಯಲ್ಲ, ಅದರ ಅಡಿಯಲ್ಲಿ ಏನು ಬಿದ್ದು ಹೋಯ್ತು ಗೊತ್ತಾ? ಕರಾವಳಿಯ ಭೂಮಿಯ ಇತಿಹಾಸದಲ್ಲಿ ನಡೆದ ಅತಿ ದೊಡ್ಡ ಘಟನೆ.

1974ರ ಮಾರ್ಚ್ 1. ದೇವರಾಜ ಅರಸು ಮುಖ್ಯಮಂತ್ರಿ. 1961ರ ಭೂಸುಧಾರಣಾ ಕಾಯ್ದೆಗೆ ಮಾಡಿದ ತಿದ್ದುಪಡಿ ಆವತ್ತಿನಿಂದ ಜಾರಿಗೆ ಬಂತು. ಗೇಣಿಗೆ ಕೊಟ್ಟ ಜಮೀನೆಲ್ಲಾ ಸರ್ಕಾರಕ್ಕೆ ಸೇರಿತು, ಉಳುತ್ತಿದ್ದ ಗೇಣಿದಾರ ಅರ್ಜಿ ಹಾಕಿ ಅದನ್ನ ತನ್ನದು ಮಾಡಿಕೊಳ್ಳಬಹುದು. ಆ ಅರ್ಜಿಯೇ ಫಾರಂ ನಂಬರ್ 7, ನಮ್ಮೂರ ಬಾಯಲ್ಲಿ ‘ಡಿಕ್ಲರೇಶನ್’. ತೀರ್ಮಾನಕ್ಕೆ ತಾಲೂಕುಗಳಲ್ಲಿ ಭೂನ್ಯಾಯ ಮಂಡಳಿ. ಗಡುವು ಮುಂದಕ್ಕೆ ಹೋಗ್ತಾ ಹೋಗ್ತಾ 1979ರ ಜೂನ್ 30ಕ್ಕೆ ಮುಗೀತು. ಗೆದ್ದವರಿಗೆ ಫಾರಂ ನಂಬರ್ 10. ಇಷ್ಟೇ ಕಥೆ. ಇದರಲ್ಲಿ ಬೆಂಕಿ ಇಲ್ಲ, ಹಂದಿ ಇಲ್ಲ.

ಆದರೆ ಅಮ್ಮ ಹೇಳೋದನ್ನ ಕೇಳಿದರೆ ಇದರಲ್ಲೂ ಎದೆ ಝಲ್ ಅನ್ನೋ ಸೀನ್ ಇದೆ.

ನಮ್ಮದು ಚಾಲಗೇಣಿ ಒಕ್ಕಲು. ಒಂದೂವರೆ ಎಕರೆ ಗದ್ದೆ, ವರ್ಷಕ್ಕೆ ಹನ್ನೆರಡು ಮುಡಿ ಅಕ್ಕಿ ಗೇಣಿ. ಹಬ್ಬಕ್ಕೆ ಬಾಳೆಗೊನೆ, ತೆಂಗಿನಕಾಯಿ, ಸೌತೆಕಾಯಿ ಬೇರೆ. ಅಮ್ಮ ಮದುವೆಯಾಗಿ ಈ ಮನೆಗೆ ಬಂದು ಆಗಿನ್ನೂ ಎರಡು ವರ್ಷ. ಅಜ್ಜಯ್ಯ ಅಕ್ಕಿ ಹೊತ್ತು ಒಡೇರ ಮನೆಗೆ ಹೋದರೆ ಅಂಗಳದಲ್ಲೇ ನಿಲ್ತಿದ್ದರಂತೆ, ಜಗಲಿ ಹತ್ತುವ ಹಾಗಿಲ್ಲ. ಗೇಣಿಗೆ ಚೀಟಿ ಕೊಡ್ತಾ ಇರಲಿಲ್ಲ. ಡಿಕ್ಲರೇಶನ್ ಕೊಡ್ತಾರಂತೆ ಅಂತ ಸುದ್ದಿ ಹಬ್ಬಿದ ಮೇಲೆ ಒಡೇರ ಕಡೆಯವರು ಮನೆಗೇ ಬಂದರು. ಗದರಲಿಲ್ಲ, ಹೊಡೀಲಿಲ್ಲ. ಒಂದೇ ಮಾತು ಹೇಳಿದರಂತೆ:

“ನೀನ್ ಅರ್ಜಿ ಕೊಡ್ ಕಾಂಬ. ಈ ಮಣ್ಣಿನ ದೈವ ನಿನ್ನ ಬಿಡೂದಿಲ್ಲೆ.”

ಕೇಳಿಸಿಕೊಂಡ್ರಾ? ಸಿನಿಮಾದಲ್ಲಿ ದೈವ ಉಳುವವನ ಕಡೆ. ನಮ್ಮ ಅಜ್ಜಯ್ಯನ ಅಂಗಳದಲ್ಲಿ ದೈವವನ್ನ ಕರೆದುಕೊಂಡು ಬಂದದ್ದು ಒಡೇರ ಕಡೆಯವರು! ರಕ್ತ ಕಾರೋ ಹೆದರಿಕೆ ಇದ್ದದ್ದು ಭೂಮಿ ಕಿತ್ತುಕೊಳ್ಳೋನಿಗಲ್ಲ, ಭೂಮಿ ಕೇಳೋನಿಗೆ. ಅಜ್ಜಯ್ಯ ಎಂಟು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ಪಕ್ಕದ ಮನೆಯವರು ಹೆದರಿ ಸುಮ್ಮನಾದರು, ಅವರಿಗೆ ಗದ್ದೆ ಸಿಗಲಿಲ್ಲ. ಒಂಬತ್ತನೇ ದಿನ ಅಜ್ಜಯ್ಯ ದೈವದ ಕಲ್ಲಿಗೆ ಒಂದು ಕಾಯಿ ಇಟ್ಟು, ನಡೆದುಕೊಂಡೇ ಕುಂದಾಪುರಕ್ಕೆ ಹೋಗಿ ಫಾರಂ ಕೊಟ್ಟು ಬಂದರು. ಸಹಿ ಬರ್ತಾ ಇರಲಿಲ್ಲ, ಹೆಬ್ಬೆಟ್ಟು. ಚೀಟಿ ಇಲ್ಲದ್ದಕ್ಕೆ ಅಕ್ಕಪಕ್ಕದವರ ಸಾಕ್ಷಿ ಬೇಕಾಯ್ತು. ಸಾಕ್ಷಿ ಹೇಳಲು ಒಪ್ಪಿದ್ದು ಇಬ್ಬರೇ.

ಆ ವರ್ಷದ ಕೋಲದಲ್ಲಿ ಅಜ್ಜಯ್ಯ ಎಲ್ಲರಿಗಿಂತ ಹಿಂದೆ ನಿಂತಿದ್ದರಂತೆ. ದೈವ ಕರೆಯಿತು. ಊರೆಲ್ಲಾ ಉಸಿರು ಬಿಗಿ ಹಿಡಿದಿದೆ. ಕೈಗೆ ಗಂಧ ಹಾಕಿತು, ಬೇರೇನೂ ಕೇಳಲಿಲ್ಲ. “ಮಾವಯ್ಯ ಅವತ್ತ್ ಮನೆಗ್ ಬಂದ್ ಹೊಟ್ಟೆ ತುಂಬ ಉಂಡ್ರ್” ಅಂತಾರೆ ಅಮ್ಮ.

ನನ್ನ ಮಟ್ಟಿಗೆ ಇದು ಕಾಂತಾರಕ್ಕಿಂತ ದೊಡ್ಡ ಕಥೆ. ಇದರಲ್ಲಿ ಮನುಷ್ಯ ದೈವಕ್ಕೆ ಹೆದರಿಯೂ ತನ್ನ ಹಕ್ಕು ಕೇಳಿದ. ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಭತ್ತ ಅಳೆಯೋ ಕೊಳಗದ ವಿಷಯಕ್ಕೆ ಎದ್ದು ನಿಂತರಲ್ಲ, ಅದೂ ಇಂಥದ್ದೇ. ಗದ್ದೆ ದಾನವಾಗಿ ಬರಲಿಲ್ಲ, ಕೇಳಿ ಪಡೆದದ್ದು. ದಾನ ಕೊಟ್ಟದ್ದನ್ನ ವಾಪಸ್ ಕೇಳಬಹುದು (ಸಿನಿಮಾದಲ್ಲಿ ಅದೇ ತಾನೇ ಆಗೋದು?), ಹಕ್ಕನ್ನ ಹಾಗೆ ಕೇಳೋಕೆ ಬರಲ್ಲ. ನನ್ನ ಅಕ್ಕನ ಮಗಳು ಇದನ್ನ ಮರೆತರೆ ನಾಳೆ ಅವಳು ಯಾರ ಎದುರಾದರೂ ಅಂಗಳದಲ್ಲಿ ಕೈಕಟ್ಟಿ ನಿಂತಾಳು, ಕೊಡಿ ಬುದ್ಧಿ ಅಂತ. ನನ್ನ ಹೆದರಿಕೆ ಅದು.

*

ಮೂರನೇ ಮಾತು ನಮಗೇ ಚುಚ್ಚುವಂಥದ್ದು. ಅಜ್ಜಯ್ಯನ ಕೈಗೆ ಗಂಧ ಹಾಕಿದ ದೈವವನ್ನ ಕಟ್ಟಿದವರು ಪಾಣರು. ಅವರಿಗೆ ಯಾವ ಫಾರಂ ಸಿಕ್ಕಿತು?

ಯಾವುದೂ ಇಲ್ಲ. ಯಾಕಂದ್ರೆ ಫಾರಂ 7 ಹಾಕೋಕೆ ಗೇಣಿದಾರ ಆಗಿರಬೇಕು. ಅವರಿಗೆ ಗೇಣಿಗೂ ಯಾರೂ ಗದ್ದೆ ಕೊಟ್ಟಿರಲಿಲ್ಲ. ಕೂಲಿಯವರಿಗೆ, ಕೊರಗರಿಗೆ, ದೈವ ಕಟ್ಟೋರಿಗೆ 1974ರ ಕಾಯ್ದೆ ಗದ್ದೆ ತಂದುಕೊಡಲಿಲ್ಲ. ನಮ್ಮ ಪಕ್ಕದ ಕೋಟದ ಕಾರಂತರು ಎಂದೋ ಬರೆದ ‘ಚೋಮನ ದುಡಿ’ಯ ಚೋಮನೂ ಅದನ್ನೇ ಕೇಳಿದ್ದು, ಉಳೋಕೆ ಒಂದು ತುಂಡು ಗದ್ದೆ. ನಲವತ್ತು ವರ್ಷದ ನಂತರ ಕಾಯ್ದೆ ಬಂದಾಗಲೂ ಚೋಮನ ಪಾಲಿಗೆ ಬಂದದ್ದು ಅಷ್ಟರಲ್ಲೇ. ಕಾಂತಾರ ಗೆದ್ದ ಮೇಲೆ 2022ರ ಅಕ್ಟೋಬರಿನಲ್ಲಿ 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಅಂತ ಸರ್ಕಾರ ಘೋಷಿಸಿತು. ಒಳ್ಳೇದೇ. ಆದರೆ ಸಿನಿಮಾದೊಳಗೆ ದೈವ ಕಟ್ಟೋರ ಮನೆಗೆ ಕಾಡಿನಷ್ಟು ಭೂಮಿ, ಹೊರಗೆ ಎರಡು ಸಾವಿರ!

ಕಾಡಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಸಿನಿಮಾದಲ್ಲಿ ಅರಣ್ಯ ಅಧಿಕಾರಿಗೂ ಜನಕ್ಕೂ ಜಗಳ, ಕೊನೆಗೆ ದೈವ ಇಬ್ಬರ ಕೈಯನ್ನೂ ಜೋಡಿಸುತ್ತೆ. ಹೊರಗಿನ ಕಥೆ ಅಂಕಿಗಳಲ್ಲಿ ನಡೀತಾ ಇದೆ. ಫಾರಂ 50, ಫಾರಂ 53, ಫಾರಂ 57, ಮನೆ ಅಡಿಗೆ 94ಸಿ. ಜೊತೆಗೆ ಡೀಮ್ಡ್ ಫಾರೆಸ್ಟ್. ಸಿನಿಮಾ ಬಂದ ಅದೇ 2022ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಡೀಮ್ಡ್ ಫಾರೆಸ್ಟನ್ನ ಹತ್ತತ್ತಿರ 10 ಲಕ್ಷ ಹೆಕ್ಟೇರಿನಿಂದ ಸುಮಾರು 3.30 ಲಕ್ಷ ಹೆಕ್ಟೇರಿಗೆ ಇಳಿಸಿತು. ಕುಂದಾಪುರ, ಬೈಂದೂರು ಕಡೆ ಎಷ್ಟೋ ಮನೆಗಳ ಭವಿಷ್ಯ ಆ ಒಂದು ಸಾಲಿನಲ್ಲಿತ್ತು. ನಿಮ್ಮಲ್ಲಿ ಎಷ್ಟು ಜನ ಅದರ ಬಗ್ಗೆ ಬರೆದ್ರಿ? ನಾನೂ ಬರೀಲಿಲ್ಲ. ಬರೆದದ್ದು ಕ್ಲೈಮ್ಯಾಕ್ಸಿನ ಕಿರುಚಿನ ಬಗ್ಗೆ.

*

ಈಗ ನೀವು ಹೇಳೋದು ನಂಗೊತ್ತು. “ಅದು ಸಿನಿಮಾ ಮಾರಾಯ, ಕಲ್ಪನೆ. ಕಲ್ಪನೆಗೆ ಕಾಯ್ದೆ ಯಾಕೆ ತರ್ತೀಯಾ?”

ಸರಿ, ಕಲ್ಪನೆಯನ್ನೇ ನೋಡೋಣ. ಹ್ಯಾರಿ ಪಾಟರ್ ಕೊನೇ ಪುಸ್ತಕದಲ್ಲಿ (2007) ಮೂವರು ಅಣ್ಣತಮ್ಮಂದಿರ ಕಥೆ ಬರುತ್ತಲ್ಲ? ಸಾವನ್ನ ದಾರಿಯಲ್ಲಿ ಎದುರಾಗಿ ಅದರಿಂದ ಮೂರು ಉಡುಗೊರೆ ಪಡೆದವರು. ಅದೂ ಕಲ್ಪಿತ ಲೋಕದೊಳಗಿನ ಅಜ್ಜಿಕಥೆಯೇ. ಆದರೆ ಆ ಲೋಕದೊಳಗೆ ಕಥೆಯನ್ನ ಪ್ರಶ್ನೆ ಮಾಡೋರು ಇದಾರೆ. ಹರ್ಮಾಯ್ನಿ ನಂಬೋದಿಲ್ಲ. ಡಂಬಲ್‌ಡೋರ್ ಕೊನೆಗೆ ಹೇಳೋದೂ ಅದೇ ಅರ್ಥದ್ದು: ಸಾವು ಕೊಟ್ಟಿರಲಿಕ್ಕಿಲ್ಲ, ಅಣ್ಣತಮ್ಮಂದಿರೇ ಬುದ್ಧಿವಂತರು, ತಾವೇ ಮಾಡಿಕೊಂಡಿರಬೇಕು. ನೋಡಿ, ಅಲ್ಲೂ ಪ್ರಶ್ನೆ ಅದೇ, ಯಾರೋ ಕೊಟ್ಟದ್ದೋ ತಾವೇ ಗಳಿಸಿದ್ದೋ! ಕಾಂತಾರದ ಲೋಕದಲ್ಲಿ ಕಥೆಯನ್ನ ಪ್ರಶ್ನಿಸಿದವನು ರಕ್ತ ಕಾರ್ತಾನೆ. ಪ್ರಶ್ನೆ ಕೇಳೋ ಬಾಯನ್ನ ಖಳನಿಗೆ ಕೊಟ್ಟ ಮೇಲೆ ಒಳ್ಳೆಯವರಿಗೆ ಕೇಳೋಕೆ ಉಳಿದದ್ದೇನು?

ನಮ್ಮಲ್ಲೇ ಬೇರೆ ಥರ ಮಾಡಿದವರಿಲ್ವಾ? ಚಂದ್ರಶೇಖರ ಕಂಬಾರರು ಶಿವಾಪುರ ಅಂತ ಒಂದು ಊರನ್ನೇ ಕಟ್ಟಿ ಅದರೊಳಗೆ ಎಷ್ಟೊಂದು ಪುರಾಣ ತುಂಬಿದರು. ಅವರ ‘ಜೋಕುಮಾರಸ್ವಾಮಿ’ ನಾಟಕ ತಗೊಳ್ಳಿ, 1972ರದ್ದು. ಜೋಕುಮಾರನ ಆಚರಣೆ ಜನಪದದ್ದು, ನಾಟಕ ಅವರದ್ದು. ಅಲ್ಲಿ ಬಸಣ್ಣ ಗೌಡನ ಎದುರು ನಿಂತು ಈ ಹೊಲ ಯಾರದ್ದು ಅಂತ ಕೇಳ್ತಾನೆ. ಸಾಯ್ತಾನೆ ನಿಜ, ಆದರೆ ಪ್ರಶ್ನೆ ಉಳುವವನ ಬಾಯಲ್ಲೇ ಉಳಿಯುತ್ತೆ. ಕಾಯ್ದೆ ಜಾರಿಗೆ ಬರೋಕೆ ಇನ್ನೂ ಎರಡು ವರ್ಷ ಇತ್ತು! ಕಲ್ಪನೆ ಅಂದ್ರೆ ಹಾಗೂ ಇರಬಹುದು.

ಇನ್ನೊಂದು ಮಾತೂ ಬರುತ್ತೆ, ಸಿನಿಮಾದಲ್ಲಿ ಧಣಿಯೇ ಖಳ ಅಲ್ವಾ ಅಂತ. ಹೌದು. ಧಣಿಯ ನಯವಾದ ಮೋಸವನ್ನ ಚೆನ್ನಾಗೇ ತೋರಿಸಿದಾರೆ, ಅದಕ್ಕೆ ಶಭಾಷ್. ಆದರೆ ಅವನ ತಪ್ಪು ಏನು? ಪೂರ್ವಜ ಕೊಟ್ಟ ಮಾತಿಗೆ ತಪ್ಪಿದ್ದು. ಅಂದ್ರೆ ಜನರ ಹಕ್ಕಿನ ಬೇರು ಇನ್ನೂ ರಾಜನ ಮಾತಿನಲ್ಲೇ ಇದೆ. ರಾಜ ಬರುವ ಮೊದಲೇ ಆ ಕಾಡಿನಲ್ಲಿ ಇದ್ದವರು ಯಾರು ಸ್ವಾಮೀ? ಅವರದ್ದೇ ಕಾಡನ್ನ ಅವರಿಗೇ ಕೊಡೋಕೆ ಅವನು ಯಾರು?

*

ಇಷ್ಟೆಲ್ಲಾ ಬರೆದ ಮೇಲೆ ರಿಷಬ್ ಶೆಟ್ಟರನ್ನ ಬೈದು ಮುಗಿಸೋದು ಸುಲಭ. ಆದರೆ ಅವರು ತಮ್ಮ ಕೆಲಸ ಮಾಡಿದರು, ಕಥೆ ಹೇಳಿದರು. ನಾವು ನಮ್ಮ ಕಥೆ ಹೇಳಲಿಲ್ಲ, ಅದಕ್ಕೇ ಜಾಗ ಖಾಲಿ ಇತ್ತು, ಅವರ ಕಥೆ ಬಂದು ಕೂತಿತು. ಜಗಳ ಹಾಗಾಗಿ ನನ್ನ ಜೊತೆಗೇ. ಇಷ್ಟು ವರ್ಷ ಬ್ಲಾಗಲ್ಲಿ ಗೋಳಿಬಜೆ ಬಗ್ಗೆ ಬರೆದೆ, ಮಳೆ ಬಗ್ಗೆ ಏಳೆಂಟು ಸಲ ಬರೆದೆ, ಅಜ್ಜಯ್ಯನ ಹೆಬ್ಬೆಟ್ಟಿನ ಬಗ್ಗೆ ಒಂದು ಸಾಲೂ ಇಲ್ಲ. ನಾಚಿಕೆಯಾಗುತ್ತೆ.

1974ರಲ್ಲಿ ಇಪ್ಪತ್ತು ದಾಟಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ನಮ್ಮಮ್ಮ ಆ ಲೆಕ್ಕದಲ್ಲಿ ಚಿಕ್ಕವರು. ಅರ್ಜಿಗೆ ಹೆಬ್ಬೆಟ್ಟು ಒತ್ತಿದವರಲ್ಲಿ ಹೆಚ್ಚಿನವರು ಹೋಗಿಯಾಯ್ತು. ಇನ್ನು ಹತ್ತು ವರ್ಷಕ್ಕೆ ಕೋಲದ ದಿನ ಅಜ್ಜಯ್ಯ ಹಿಂದಿನ ಸಾಲಲ್ಲಿ ನಿಂತಿದ್ದರು ಅಂತ ಹೇಳೋಕೂ ಯಾರೂ ಇರಲ್ಲ.

ಅದಕ್ಕೇ ಇನ್ನೂ ಬ್ಲಾಗ್ ಬರೀತಾ ಇರೋ ಬೆರಳೆಣಿಕೆಯ ಗೆಳೆಯರೇ, ನಿಮ್ಮಲ್ಲಿ ಒಂದು ವಿನಂತಿ. ಮುಂದಿನ ಸಲ ಊರಿಗೆ ಹೋದಾಗ ಮನೆಯ ಹಿರಿಯರನ್ನ ಕೂರಿಸಿಕೊಂಡು “ಡಿಕ್ಲರೇಶನ್ ಟೈಮಲ್ಲಿ ಎಂತ ಆಯ್ತ್?” ಅಂತ ಒಂದೇ ಒಂದು ಪ್ರಶ್ನೆ ಕೇಳಿ. ಹೇಳಿದ್ದನ್ನ ಹಾಗೇ ಬರೆದು ಹಾಕಿ. ನಿಮ್ಮದು ಭೂಮಿ ಕಳಕೊಂಡ ಮನೆಯಾಗಿದ್ದರೆ ಅದನ್ನೂ ಬರೀರಿ. ಇದ್ದ ಅರ್ಧ ಎಕರೆಯನ್ನ ಗೇಣಿಗೆ ಕೊಟ್ಟು ಅದರಲ್ಲೇ ಬದುಕಿದ್ದ ವಿಧವೆಯರೂ ಕಳಕೊಂಡಿದ್ದಾರೆ, ಅವರ ಕಣ್ಣೀರೂ ಈ ಕಥೆಯೊಳಗೇ ಬರಬೇಕು. ಫಾರಂ ಸಿಗದೇ ಹೋದ ಮನೆಯವರು ನಿಮ್ಮ ಪರಿಚಯದಲ್ಲಿದ್ದರೆ ಅವರನ್ನ ಮೊದಲು ಕೇಳಿ.

ಅಂದ ಹಾಗೆ, ಅಮ್ಮನ ಕಬ್ಬಿಣದ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಆ ಫಾರಂ 10 ಇನ್ನೂ ಇದೆ. ಮಡಿಸಿದ ಕಡೆಯೆಲ್ಲಾ ಹರಿದಿದೆ. ಹೊರಡೋ ದಿನ ಅಕ್ಕನ ಮಗಳಿಗೆ ತೆಗೆದು ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, “ಇದರಲ್ಲಿ ರಾಜನ ಸೀಲ್ ಎಲ್ಲಿದೆ?” ಅಂದಳು.

ಸೀಲ್ ಇದೆ. ಸರ್ಕಾರದ್ದು. ಯಾಕೆ ಅಂತ ಹೇಳೋಕೆ ಶುರು ಮಾಡಿದೀನಿ, ಬಸ್ಸು ಬೆಂಗಳೂರು ಮುಟ್ಟೋವರೆಗೂ ಹೇಳಿದೆ. ಅರ್ಧ ನಿದ್ದೆಯಲ್ಲಿ ಕೇಳಿದಳು, ಉಳಿದರ್ಧ ಮುಂದಿನ ದೀಪಾವಳಿಗೆ.

ನೀವೇನಂತೀರಿ?